ಬಂಡೆಮ್ಮನ ಕೆಮ್ಮಣ್ಣಿನ ರಾಶಿ

ವಿಮಾನ ನಿಲ್ದಾಣದ ಅಹವಾಲು ಸಭೆ ಕಮಲಾಪುರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಹಿಂದಿನ ದಿನ ಯಾರದೋ ಲಗ್ನ ಆಗಿತ್ತು. ವೇದಿಕೆಯ ಮೇಲಿನ ಪ್ಲಾಸ್ಟಿಕ್ ಹೂವಿನ ಕಮಾನನ್ನು ಯಾರೂ ಬಿಚ್ಚಿರಲಿಲ್ಲ. ಅದರ ಕೆಳಗೆ ಮದುಮಕ್ಕಳ ಹಾಗೆ ಸಾಹೇಬರು ಸಾಲಾಗಿ ಕೂತಿದ್ದರು. ಕಲಬುರಗಿ ಶಹರಕ್ಕೆ ಈಗಿರುವ ನಿಲ್ದಾಣ ಸಾಲದು, ಹೊರದೇಶದ ವಿಮಾನ ಇಳಿಯುವಂಥ ದೊಡ್ಡದು ಬೇಕು, ಅದಕ್ಕೆ ಕಮಲಾಪುರದ ಮಗ್ಗುಲಿನ ಬಯಲೇ ಸರಿ ಎಂದು ಗೋಡೆಯ ಮೇಲೆ ನಕಾಶೆ ತೋರಿಸಿದರು. ಜನ ಎದ್ದು ಕೂಗಾಡಿದರು. ಕೆಲವರು ನಿಲ್ದಾಣವೇ ಬೇಡ ಎಂದರು, ಹೆಚ್ಚಿನವರು ರೇಟು ಏರಿಸಿ ಎಂದರು, ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದವರೂ ಇದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಗಂಟಲೂ ಹರಿದು ಹೋಗಿತ್ತು. ಆಗ ಹೆಂಗಸರ ಸಾಲಿನಿಂದ ಬಂಡೆಮ್ಮ ಎದ್ದಳು.

"ಭೂಮಿ ನೀವು ತಗೊಳ್ರಿ. ಮ್ಯಾಲಿನ ಮಣ್ಣು ನಾ ಒಯ್ತೀನಿ."

ಸಾಹೇಬರೊಬ್ಬರು ಇದನ್ನು ಘೋಷಣೆ ಎಂದುಕೊಂಡರು. "ನಿಮ್ಮ ಭಾವನೆ ಅರ್ಥ ಆಗುತ್ತದಮ್ಮ," ಎಂದರು.

"ಭಾವನೆ ಅಲ್ರಿ ಸಾಹೇಬ್ರ, ಮಣ್ಣು. ನಮ್ಮ ಬಾಳಿ ತೋಟದಾಗ ಮೊಣಕಾಲುದ್ದ ಕೆಮ್ಮಣ್ಣು ಅದ. ಅದನ್ನ ಕೆರೆದು ಟಿಪ್ಪರಿನಾಗ ಹಾಕಿ ನಾ ಹೇಳಿದಲ್ಲಿ ಸುರುವ್ರಿ. ಕೆಳಗಿನ ಕಲ್ಲು ನಿಮ್ದು. ಅದರ ಮ್ಯಾಲ ವಿಮಾನ ಇಳಸ್ರಿ, ಕುಣಸ್ರಿ, ನಂದೇನೂ ತಕರಾರಿಲ್ಲ."

ಇಡೀ ಸಭೆ ನಕ್ಕಿತು. ಅವಳ ಗಂಡ ದೌಲಪ್ಪ ಎಲ್ಲರಿಗಿಂತ ಮೊದಲು ನಕ್ಕ, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ. ದೌಲಪ್ಪನ ಸ್ವಭಾವವೇ ಅದು. ಹುಮನಾಬಾದ್ ರಸ್ತೆಯ ಬದಿಗೆ ತಳ್ಳುಗಾಡಿ ನಿಲ್ಲಿಸಿ ಕೆಂಪು ಬಾಳೆಹಣ್ಣು ಮಾರುವ ಅವನು, ಗಿರಾಕಿ ಚೌಕಾಸಿ ಮಾಡಿದರೂ ನಗುತ್ತಾನೆ, ಬೈದರೂ ನಗುತ್ತಾನೆ. ಬಂಡೆಮ್ಮ ಮಾತ್ರ ನಗಲಿಲ್ಲ. "ನಕ್ಕಿದ್ದು ಆಯ್ತಾ? ಈಗ ಬರ್ಕೋರಿ," ಎಂದು ಹೇಳಿ ಕೂತಳು. ಯಾರೂ ಬರೆದುಕೊಳ್ಳಲಿಲ್ಲ.

ಬಂಡೆಮ್ಮನ ತವರು ಶಹರದ ಹೊರಗಿನ ತಾಜಸುಲ್ತಾನಪುರ. ಅಲ್ಲಿ ಕರಿ ನೆಲ, ತೊಗರಿ. ಹುಟ್ಟಿದಾಗಿನಿಂದ ಕೆಸರು ಕಾಲಿಗೆ ಅಂಟಿಸಿಕೊಂಡು ಬೆಳೆದವಳು ಲಗ್ನವಾಗಿ ಕಮಲಾಪುರಕ್ಕೆ ಬಂದು ನೋಡಿದರೆ ಇಲ್ಲಿನ ಮಣ್ಣು ಇಟ್ಟಿಗೆ ಪುಡಿಯ ಹಾಗೆ ಕೆಂಪಗೆ, ಬೆರಳ ಸಂದಿಯಲ್ಲಿ ಇಳಿದು ಹೋಗುವಷ್ಟು ಹಗುರ. ಅವಳು ನೆಟ್ಟ ಮೊದಲ ಬಾಳೆ ಕಂದುಗಳೆಲ್ಲ ಕೊಳೆತವು. "ನೀ ಕರಿ ಮಣ್ಣಿನಾಕಿ, ನೀರು ಕುಡಸೋದೊಂದೇ ಗೊತ್ತು," ಎಂದು ಅತ್ತೆ ತೋಟದ ನಡುವೆ ನಿಲ್ಲಿಸಿ ಬೈದಿದ್ದಳು. ಬೈಗುಳ ತಿಂದು ಸುಮ್ಮನೆ ಕೂರುವ ಜಾತಿಯಲ್ಲ ಬಂಡೆಮ್ಮ. ಅತ್ತೆಯ ಬೆನ್ನು ಬಿಡದೆ ಅಡ್ಡಾಡಿ, ಯಾವ ಕಂದು ಉಳಿಸಬೇಕು, ಯಾವುದನ್ನು ಮುರಿದೆಸೆಯಬೇಕು, ಮಣ್ಣು ಎಷ್ಟು ಒಣಗಿದ ಮೇಲೆ ನೀರು ಬಿಡಬೇಕು ಎಂಬುದನ್ನು ಜಗಳವಾಡಿಯೇ ಕಲಿತಳು. ಅತ್ತೆ ಸತ್ತ ವರ್ಷ ತೋಟದ ಗೊನೆಗಳು ಮನೆಯ ಬಾಗಿಲಲ್ಲಿ ಹಿಡಿಸದಷ್ಟು ಬಂದವು. ಅತ್ತೆ ಇದ್ದಿದ್ದರೆ ಅದರಲ್ಲೂ ಒಂದು ಹುಳುಕು ಹುಡುಕುತ್ತಿದ್ದಳು ಎಂದು ಬಂಡೆಮ್ಮ ಈಗಲೂ ಹೇಳುತ್ತಾಳೆ.

ಒಂದು ಕಾಲಕ್ಕೆ ಕಾಲೇಜಿಗೆ ಹೋಗುವ ಹುಡುಗಿಯರನ್ನು ಬಿಟ್ಟು ಬಸ್ಸುಗಳು ಭರ್ರನೆ ಹೋಗಿಬಿಡುತ್ತಿದ್ದವು. ಊರಿನ ಗಂಡಸರು ಮನವಿಯ ಮೇಲೆ ಮನವಿ ಕೊಟ್ಟರು. ಬಂಡೆಮ್ಮ ಒಂದು ಮುಂಜಾನೆ ಬಾಳೆಗೊನೆಗಳನ್ನು ತಂದು ರಸ್ತೆಗೆ ಅಡ್ಡಲಾಗಿ ಮಲಗಿಸಿದಳು. ಮನುಷ್ಯರು ಅಡ್ಡ ಕೂತರೆ ಪೊಲೀಸರು ಎಬ್ಬಿಸುತ್ತಾರೆ. ಮಾಗಿದ ಗೊನೆಯ ಮೇಲೆ ಬಸ್ಸು ಹತ್ತಿಸಲು ಯಾವ ಡ್ರೈವರನಿಗೂ ಮನಸ್ಸು ಬರಲಿಲ್ಲ. ಕಂಡಕ್ಟರ್ ಇಳಿದು ಗೊನೆ ಎತ್ತುವಷ್ಟರಲ್ಲಿ ಹುಡುಗಿಯರು ಹತ್ತಿ ಕೂತಿದ್ದರು. ಈ ಹೆಂಗಸಿನ ಹೋರಾಟದ ಬಗೆ ಅದು. ಭಾಷಣ ಇಲ್ಲ, ಜಿಂದಾಬಾದ್ ಇಲ್ಲ.

ನಿಲ್ದಾಣವೇ ಬೇಡ ಎಂದು ಅವಳು ಯಾಕೆ ಹೇಳಲಿಲ್ಲ ಎಂದು ಮುಂದೆ ಹೋರಾಟದವರು ಬಹಳ ಕೇಳಿದರು, ಕೆಲವರು ಮಾರಿಕೊಂಡಳು ಎಂದೂ ಆಡಿಕೊಂಡರು. ಅದಕ್ಕೆ ಕಾರಣ ಗಾಳಿ. ಸಭೆಗೂ ಮೊದಲು ಬಯಲಿನಲ್ಲಿ ಒಂದು ಎತ್ತರದ ಕಂಬ ನೆಟ್ಟಿದ್ದರು, ತುದಿಯಲ್ಲಿ ಗಿರಗಿರ ತಿರುಗುವ ಬಟ್ಟಲುಗಳು. ಅದನ್ನು ನೋಡಿಕೊಳ್ಳಲು ಬರುತ್ತಿದ್ದವನು ಗುಫ್ರಾನ್. ಕಲಬುರಗಿಯ ಕಾಳಿನ ಪೇಟೆ ನೆಹರು ಗಂಜಿನಲ್ಲಿ ತೊಗರಿ ದಲಾಲಿ ಮಾಡುವ ಲಾಲ್ ಅಹ್ಮದರ ಮಗ. ಆಗ ಸರ್ವೆಗೆ ಬಂದವನು, ಮುಂದೆ ಮಣ್ಣಿನ ಕೆಲಸದ ಸೈಟ್ ಇಂಜಿನಿಯರಾಗಿ ಅಲ್ಲೇ ನಿಂತ. ಬಂಡೆಮ್ಮ ಅವನನ್ನು ಅಡ್ಡಗಟ್ಟಿ ಕೇಳಿದ್ದಳು: "ಆ ಕಡೆ ಬರೀ ಕಲ್ಲಿನ ಮಡ್ಡಿ ಬಿದ್ದದ. ನಿನ್ನ ರನ್‌ವೇ ಅತ್ತಾಗ ತಿರುಗಿಸಿದರ ಏನು ಗಂಟು ಹೋಗ್ತದ?"

"ಅಕ್ಕಾರ, ವಿಮಾನ ಗಾಳಿಗಿ ಎದುರಾಗಿ ಇಳೀಬೇಕ್ರಿ. ಇಲ್ಲಿ ಹೆಚ್ಚಾಗಿ ಗಾಳಿ ಪಡುವಣದಿಂದ ಬೀಸ್ತದ. ರನ್‌ವೇ ಅದರ ಗುಂಟಾನೇ ಮಲಗಬೇಕು. ನಾ ತಿರುಗಿಸ್ತೀನಂದ್ರೂ ಗಾಳಿ ಬಿಡಾಂಗಿಲ್ಲ."

ಬಂಡೆಮ್ಮ ನೆಲದಿಂದ ಒಂದು ಹಿಡಿ ಹೊಟ್ಟು ಎತ್ತಿ ತಲೆಯ ಮೇಲೆ ತೂರಿದಳು. ಅದು ಮೂಡಣಕ್ಕೆ ಹಾರಿಹೋಯಿತು. ಕಣದಲ್ಲಿ ರಾಶಿ ತೂರುವಾಗ ಅವಳೂ ಗಾಳಿ ನೋಡಿಯೇ ನಿಲ್ಲುವವಳು. "ಖರೇ ಅದ," ಎಂದಳು. "ಸಾಹೇಬರ ಜೋಡಿ ಜಗಳ ಆಡಬಹುದು. ಗಾಳಿ ಜೋಡಿ ಎಲ್ಲಿ ಆಡ್ಲಿ?"

ಅಲ್ಲಿಗೆ ಅವಳು ತೋಟದ ಜಾಗ ಬಿಟ್ಟಳು. ಮಣ್ಣು ಬಿಡಲಿಲ್ಲ. ರನ್‌ವೇಯ ಒಂದು ತುದಿಗೆ ಬರುವ ತಗ್ಗಿನಲ್ಲಿ ಅವಳದೂ, ಅವಳ ಗಂಡನ ಅಣ್ಣ ಕಲ್ಯಾಣಪ್ಪನದೂ, ಇನ್ನು ಕೆಲವು ಮನೆಗಳದೂ ತೋಟಗಳಿದ್ದವು. ಆ ಮನೆಗಳವರೆಲ್ಲ ಸೇರಿ ಹಳ್ಳದಾಚೆ ಒಂದು ಮಡ್ಡಿ ಕೊಂಡಿದ್ದರು. ಬಾವಿ ಇತ್ತು, ಬಾವಿಯಲ್ಲಿ ನೀರಿತ್ತು. ಉಳಿದಂತೆ ಕುರಿ ಕೂಡ ಮೂಸದ ಕಲ್ಲು ನೆಲ. ಅಲ್ಲಿ ಹಳೆಯ ಮಣ್ಣು ಬಿದ್ದರೆ ಕೆಂಪು ಬಾಳೆ ಉಳಿಯುತ್ತದೆ, ಇಲ್ಲವಾದರೆ ಆ ಮನೆಗಳ ಮಟ್ಟಿಗೆ ಅದರ ಕತೆ ಮುಗಿಯಿತು. ಬಂಡೆಮ್ಮನ ತಲೆಯಲ್ಲಿ ಇದ್ದದ್ದು ಇಷ್ಟೇ.

ಕೆಲಸ ಸುರುವಾಗುವ ಮುಂಚೆ ಗುಫ್ರಾನ್‌ನೇ ದೌಲಪ್ಪನ ಗಾಡಿಯ ಹತ್ತಿರ ಬಂದು ನಿಜ ಹೇಳಿದ.

"ಅಕ್ಕಾರ, ಈ ಮಣ್ಣು ರನ್‌ವೇ ಕೆಳಗ ನಮಗ ನಡ್ಯಾಂಗಿಲ್ರಿ. ಬೇರು ಅದ, ಹುಳ ಅದ, ಗೊಬ್ಬರ ಅದ. ಜೀವ ಇರೋ ಮಣ್ಣು ಕುಸೀತದ. ಕೆರೆದು ತೆಗೀಲೇಬೇಕು."

"ಹಂಗಾದರ ನನಗ ಕೊಡ್ರಲ್ಲ."

"ಪ್ಲಾನಿನಾಗ ಬ್ಯಾರೆ ಅದರಿ. ಟರ್ಮಿನಲ್ ಮುಂದ ಗಾರ್ಡನ್ ಬರ್ತದ. ಹುಲ್ಲಿನ ಹಾಸಿಗಿ, ಹೂವಿನ ಗಿಡ. ಅದಕ್ಕಂತ ತೆಗೆದಿಡ್ಲಿಕ್ಕಿ ಹೇಳ್ಯಾರ."

"ಹುಲ್ಲಿಗಾ?"

"ಹುಲ್ಲಿಗ್ರಿ."

"ದನ ಮೇಯ್ತಾವೇನು ಅಲ್ಲಿ?"

"ಇಲ್ರಿ."

"ಮತ್ತ್ಯಾರು ಮೇಯ್ತಾರ?"

ಗುಫ್ರಾನ್ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. ದೌಲಪ್ಪ ನಗು ತಡೆಯಲಾಗದೆ ಗಾಡಿಯ ಹಿಂದೆ ಹೋದ.

ಮರುದಿನ ಬಂಡೆಮ್ಮ ತಲೆಗೆ ಸಿಂಬಿ ಇಟ್ಟುಕೊಂಡು, ತೋಟದ ಮಣ್ಣು ತುಂಬಿದ ಬುಟ್ಟಿ ಹೊತ್ತು ಹೊಸ ಮಡ್ಡಿಯ ಕಡೆ ನಡೆದಳು. ಸುರುವಿ ವಾಪಸು ಬಂದು ಮತ್ತೆ ತುಂಬಿದಳು. ಸಂಜೆಯ ಹೊತ್ತಿಗೆ ಅವಳ ಹಿಂದೆ ಅವಳ ನೆಗೆಣ್ಣಿ ಇದ್ದಳು, ಮರುದಿನ ಆ ಮನೆಗಳ ಹೆಂಗಸರೆಲ್ಲ ಇದ್ದರು, ವಾರ ಕಳೆಯುವುದರೊಳಗೆ ತೋಟದ ಸಂಬಂಧವೇ ಇಲ್ಲದ ಓಣಿಯ ಹೆಂಗಸರೂ ಸೇರಿದರು. ನಿಲ್ದಾಣ ಕಟ್ಟುವ ಕಂಪನಿಯ ಟಿಪ್ಪರುಗಳು ಅಡ್ಡಾಡುವ ಕಚ್ಚಾ ರಸ್ತೆ ಅವರ ದಾರಿಯೂ ಹೌದು. ಬುಟ್ಟಿ ಹೊತ್ತ ಸಾಲು ನಿಧಾನಕ್ಕೆ ಸಾಗುತ್ತಿತ್ತು, ಅದರ ಹಿಂದೆ ಟಿಪ್ಪರುಗಳು ಮೆರವಣಿಗೆಯ ಹಾಗೆ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಪೊಲೀಸರು ಬಂದರು.

"ಧರಣಿಗೆ ಪರ್ಮಿಷನ್ ತಗೊಂಡೀರೇನು?" ಎಂದು ಕೇಳಿದರು.

"ಧರಣಿ ಎಲ್ಲದರಿ? ನಾವು ಕೆಲಸ ಮಾಡ್ಲಾಕತ್ತೀವಿ. ಕೂತಾಕಿ ಒಬ್ಬಾಕಿನ್ನ ತೋರಸ್ರಿ," ಎಂದಳು ಬಂಡೆಮ್ಮ, ಬುಟ್ಟಿ ಇಳಿಸದೆ.

ಕಲಬುರಗಿಯಿಂದ ಜೀಪು ಮಾಡಿಕೊಂಡು ಹೋರಾಟದ ಮುಖಂಡರೂ ಬಂದರು. ಮೈಕು ತಂದಿದ್ದರು. ಹೆಂಗಸರು ನಿಲ್ಲದೆ ಅವರು ಮಾತಾಡುವಂತಿರಲಿಲ್ಲ, ಹೆಂಗಸರು ನಿಲ್ಲಲಿಲ್ಲ. "ಭಾಷಣ ಮಾಡ್ರಿ, ಬ್ಯಾಡಂದಿಲ್ಲ. ಬುಟ್ಟಿ ಹೊತ್ತು ಮಾಡ್ರಿ," ಎಂದಳು ಬಂಡೆಮ್ಮ. ಒಬ್ಬ ಮುಖಂಡರು ಮರ್ಯಾದೆಗಂಜಿ ಒಂದು ಬುಟ್ಟಿ ಹೊತ್ತರು. ಅರ್ಧ ದಾರಿಯಲ್ಲಿ ಫೋನ್ ಬಂತು ಎಂದು ಇಳಿಸಿ ಜೀಪು ಹತ್ತಿದವರು ಮತ್ತೆ ಕಾಣಲಿಲ್ಲ. ಆ ಬುಟ್ಟಿಯನ್ನೂ ಬಂಡೆಮ್ಮನೇ ಎತ್ತಿದಳು. ಹೋರಾಟ ಎಂದರೆ ಟೆಂಟು, ಬ್ಯಾನರು, ಬಂಧನ, ಬಿಡುಗಡೆ ಎಂದು ನಂಬಿ ಕೂದಲು ಬೆಳ್ಳಗೆ ಮಾಡಿಕೊಂಡವರಿಗೆ ಅವಳು ಆ ರಸ್ತೆಯಲ್ಲಿ ಕಲಿಸಿದ್ದು ಸಣ್ಣದಲ್ಲ.

ಕೊನೆಗೆ ಸಾಹೇಬರು ಸೋತರು ಎನ್ನುವುದಕ್ಕಿಂತ ಲೆಕ್ಕ ಹಾಕಿದರು ಎನ್ನಬೇಕು. ನಿಂತ ಟಿಪ್ಪರು ದುಬಾರಿ, ಕೊಟ್ಟ ಮಣ್ಣು ಅಗ್ಗ. ಗಾರ್ಡನ್ನಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಕೆಮ್ಮಣ್ಣನ್ನು ಕಂಪನಿಯ ಟಿಪ್ಪರುಗಳೇ ಮಡ್ಡಿಗೆ ಸುರಿಯಲಿ ಎಂದಾಯಿತು. ಬಂಡೆಮ್ಮ ಬುಟ್ಟಿ ಮಗುಚಿ ಹಾಕಿ ಅದರ ಮೇಲೆ ಕೂತಳು. ಅಷ್ಟು ದಿನಗಳಲ್ಲಿ ಅವಳು ಕೂತದ್ದು ಆಗಲೇ.

ಇಲ್ಲಿಗೆ ನಿಲ್ಲಿಸಿದ್ದರೆ ಕತೆ ಚಂದ ಇರುತ್ತಿತ್ತು. ಗೆದ್ದವರು ಗೆಲುವಿನಲ್ಲಿ ಎಡವುವುದನ್ನು ಹೋರಾಟದ ಜನ ಹೇಳಿಕೊಳ್ಳುವುದಿಲ್ಲ. ಬಂಡೆಮ್ಮ ಎಡವಿದಳು, ಚೆನ್ನಾಗಿಯೇ ಎಡವಿದಳು.

ಮಡ್ಡಿಯ ಕಲ್ಲು ಆಯ್ದು ಬದು ಹಾಕುವ ಕೆಲಸ ಇನ್ನೂ ಅರೆಬರೆ ಆಗಿತ್ತು, ಅಷ್ಟರಲ್ಲಿ ಟಿಪ್ಪರುಗಳು ಬರತೊಡಗಿದವು. ಮಳೆಗಾಲ ತಲೆಯ ಮೇಲಿತ್ತು. ಹಾಗಾಗಿ ಮಣ್ಣನ್ನು ಒಂದು ಕಡೆ ಒಟ್ಟಬೇಕಾಯಿತು. ಗುಫ್ರಾನ್ ಬಂದು ಹೇಳಿದ: "ಅಕ್ಕಾರ, ಎದೆಮಟ್ಟಕ್ಕಿಂತ ಎತ್ತರ ಒಟ್ಟಬ್ಯಾಡ್ರಿ. ಅಗಲಕ್ಕ ಹರವ್ರಿ. ಮ್ಯಾಲ ಒಂದಿಷ್ಟು ಸೆಣಬಿನ ಬೀಜ ಚೆಲ್ಲಿಬಿಡ್ರಿ. ಒಳಗ ಗಾಳಿ ಆಡಬೇಕು."

ಆದರೆ ಕಲ್ಯಾಣಪ್ಪ ಹಿರಿಯ. ಆ ಮನೆಗಳಿಗೆಲ್ಲ ಅವನ ಮಾತೇ ಕೊನೆ. "ಮನಿಗಿ ಬಂದ ಫಸಲು ಇದು. ಹರವಿ ಚೆಲ್ಲಾಡ್ಲಿಕ್ಕಿ ಬೀದಿ ಕಸ ಅಲ್ಲ," ಎಂದ. ಹರವಿದರೆ ಕಂಪನಿಯವರು ಮನಸ್ಸು ಬದಲಿಸಿ ವಾಪಸು ಒಯ್ದಾರು ಎಂಬ ಅಂಜಿಕೆಯೂ ಎಲ್ಲರಿಗಿತ್ತು. ಹಾಗಾಗಿ ಜೋಳದ ರಾಶಿ ಮಾಡುವ ಹಾಗೆಯೇ ಮಾಡಿದರು. ಜೆಸಿಬಿಯಿಂದ ಎತ್ತರಕ್ಕೆ, ತುದಿ ಚೂಪಾಗಿ, ಎರಡು ಮಾಳಿಗೆ ಮನೆಯಷ್ಟು ಒಟ್ಟಿಸಿದರು. ಸುತ್ತ ಬೂದಿಯ ಗೆರೆ ಎಳೆದರು. ನೆತ್ತಿಯ ಮೇಲೆ ಸಗಣಿಯ ಬೆನವನನ್ನು, ಅಂದರೆ ಪುಟ್ಟ ಗಣಪನನ್ನು ಕೂರಿಸಿ, ವಿಭೂತಿ ಬಳಿದು, ಕಾಯಿ ಒಡೆದರು. ರಾಶಿಯ ಹತ್ತಿರ ಚಪ್ಪಲಿ ಹಾಕುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹಬ್ಬದಡುಗೆಯ ಚರಗ ಚೆಲ್ಲಿದ ಮೇಲೆಯೇ ಸಲಿಕೆ ಮುಟ್ಟಿಸಬೇಕು ಎಂದು ಕಲ್ಯಾಣಪ್ಪ ಕಟ್ಟು ಮಾಡಿದ. ಪೂಜೆಗೆ ಆರತಿ ಹಿಡಿದವಳು ಬಂಡೆಮ್ಮನೇ. ಟಿಪ್ಪರುಗಳನ್ನು ಗೆದ್ದ ಸೊಕ್ಕು ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಗುಫ್ರಾನ್ ದೂರದಲ್ಲಿ ಬೂಟು ಬಿಚ್ಚಿ ನಿಂತು ಪ್ರಸಾದ ತಗೊಂಡು, "ಎತ್ತರ ಭಾಳ ಆಯ್ತು ಅಕ್ಕಾರ," ಎಂದದ್ದಕ್ಕೆ, "ನಿನಗ್ಯಾಕ ಹೊಟ್ಟಿಕಿಚ್ಚು?" ಎಂದು ನಕ್ಕುಬಿಟ್ಟಳು.

ಮಳೆಗೆ ತೊಯ್ಯಬಾರದೆಂದು ತಾಡಪತ್ರಿ ಹೊದಿಸಿ ಬಿಗಿಯಾಗಿ ಕಟ್ಟಿದರು. ಮಳೆಗಾಲ ಪೂರ್ತಿ ರಾಶಿ ಹಾಗೇ ಉಸಿರುಕಟ್ಟಿ ಕೂತಿತು.

ದಸರೆ ಕಳೆದ ಮೇಲೆ ಒಂದು ದಿನ ಬಂಡೆಮ್ಮ ಬದುವಿನ ಕೆಲಸಕ್ಕೆ ಹೋದವಳು ತಾಡಪತ್ರಿಯ ಸೆರಗು ಎತ್ತಿ, ರಾಶಿಯ ಹೊಟ್ಟೆಗೆ ತೋಳು ತೂರಿಸಿದಳು. ಒಟ್ಟಿದ ಕಾಳು ಒಳಗೆ ಬಿಸಿಯಾಗಿದೆಯೋ ಎಂದು ನೋಡಲು ತವರಿನಲ್ಲಿ ಕಲಿತ ಅಭ್ಯಾಸ. ಕೈ ಹೊರಗೆ ತೆಗೆದಾಗ ಅಂಗೈಯಲ್ಲಿ ಬಂದದ್ದು ಕೆಂಪಲ್ಲ. ನೀಲಿಗಪ್ಪು ಬಣ್ಣದ ಜಿಗುಟು ಉಂಡೆ. ಮೂಗಿನ ಹತ್ತಿರ ಹಿಡಿದಳು. ಮೋರಿಯ ವಾಸನೆ. ಉಂಡೆಯೊಳಗೆ ಒಂದು ಎರೆಹುಳ ಸತ್ತು ದಾರದಂತಾಗಿತ್ತು.

ಅವಳು ಅಲ್ಲೇ ಕೂತುಬಿಟ್ಟಳು. ಬುಟ್ಟಿ ಹೊತ್ತದ್ದು, ಪೊಲೀಸರಿಗೆ ಎದುರು ಮಾತಾಡಿದ್ದು, ಕುತ್ತಿಗೆ ನೋವು, ಎಲ್ಲ ಈ ಮೋರಿಯ ಮಣ್ಣಿಗಾಗಿಯೇ ಎನ್ನಿಸಿತು. ಗುಫ್ರಾನನ ಮಾತು ನೆನಪಾಯಿತು. ಅವನ ಅಪ್ಪನ ಗಂಜಿನಲ್ಲಿ ತೊಗರಿ ಚೀಲವನ್ನೂ ಗಾಳಿಯಾಡುವಂತೆಯೇ ಒಟ್ಟುತ್ತಾರೆ. ಹುಟ್ಟಿನಿಂದ ರಾಶಿ ಕಂಡ ತನಗೆ ಅದು ಯಾಕೆ ಹೊಳೆಯಲಿಲ್ಲ? ಪೂಜೆ ಮಾಡುವಾಗ ಮೂಗು ಎಲ್ಲಿ ಇಟ್ಟಿದ್ದೆ ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ ಸೀರೆ ಕೊಡವಿಕೊಂಡು ಎದ್ದು ಸೀದಾ ಕಲ್ಯಾಣಪ್ಪನ ಕಟ್ಟೆಗೆ ಹೋಗಿ ಆ ಉಂಡೆಯನ್ನು ಅವನ ಮುಂದಿಟ್ಟಳು.

"ಭಾವಾರ, ರಾಶಿ ಇವತ್ತೇ ಒಡೀಬೇಕ್ರಿ."

"ಎಳ್ಳಮಾಸಿ ಇನ್ನೂ ಎಷ್ಟು ದೂರ ಅದ, ಗೊತ್ತೇನು?"

"ಎಳ್ಳಮಾಸಿ ತನಕ ಇಟ್ಟರ ನಾವು ಚರಗ ಚೆಲ್ಲೋದು ಹೆಣದ ಮ್ಯಾಲ. ಮೂಸಿ ನೋಡ್ರಿ."

ಕಲ್ಯಾಣಪ್ಪ ಮೂಸಲಿಲ್ಲ. ಮುಖ ತಿರುಗಿಸಿದ. "ಬೆನವನ್ನ ಕೂಡ್ಸಿದ ರಾಶಿ ಅದು. ನೀನೇ ಆರತಿ ಮಾಡಿದಿ. ನಡುವ ಸಲಿಕಿ ಹಾಕಿದಿ ಅಂದ್ರ ತಂಗಿ, ನಿನ್ನ ಕೈಯಾಗ ನಾ ನೀರು ಕುಡ್ಯಾಂಗಿಲ್ಲ. ಸಾಯೂತನಕ."

"ಕುಡೀಬ್ಯಾಡ್ರಿ," ಎಂದಳು ಬಂಡೆಮ್ಮ. ಗಂಡನ ಅಣ್ಣನಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ದೌಲಪ್ಪ ಆ ದಿನ ನಗಲಿಲ್ಲ.

ಮಡ್ಡಿಗೆ ಬಂದು ಅವಳು ಮಾಡಿದ್ದನ್ನು ಊರು ಇನ್ನೂ ಮಾತಾಡಿಕೊಳ್ಳುತ್ತದೆ. ಮೊದಲು ಬರಿಗಾಲಲ್ಲಿ ರಾಶಿ ಹತ್ತಿ, ಕೈಮುಗಿದು, ಬೆನವನನ್ನು ಮೆಲ್ಲಗೆ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಇಳಿದಳು. ಅದನ್ನು ಬಾವಿಯ ದಂಡೆಯ ಮೇಲೆ ಇಟ್ಟಳು. ಆಮೇಲೆ ಎಲ್ಲರೂ ನೋಡುವಂತೆ ಚಪ್ಪಲಿ ಮೆಟ್ಟಿದಳು. ಚಪ್ಪಲಿಗಾಲಲ್ಲೇ ನೆತ್ತಿಗೆ ಹತ್ತಿ, ತಾಡಪತ್ರಿಯನ್ನು ಸರ್ರನೆ ಎಳೆದು ಕೆಳಕ್ಕೆಸೆದಳು.

"ನೋಡ್ರಿ, ನಾ ಮೆಟ್ಟೀನಿ. ಇನ್ನ ಇದು ರಾಶಿ ಅಲ್ಲ, ಬರೇ ಮಣ್ಣು. ಪಾಪ ಬಂದರ ನನಗ ಬರ್ಲಿ. ಸಲಿಕಿ ತರ್ರಿ!"

ಒಬ್ಬೊಬ್ಬರಾಗಿ ಬಂದರು. ಪಾಪದ ಮಾಲಕಿ ಗೊತ್ತಾದ ಮೇಲೆ ಎಲ್ಲರ ಕೈ ಹಗುರಾದವು. ಗುಫ್ರಾನ್ ಕಂಪನಿಯ ಜೆಸಿಬಿಯೊಂದನ್ನು ಊಟದ ಬಿಡುವಿನಲ್ಲಿ ಕಳಿಸಿದ. ತಾನೂ ಬಂದ. "ನಾ ಅವತ್ತೇ ಹೇಳಿದ್ದೆ" ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅದಕ್ಕೇ ಬಂಡೆಮ್ಮನಿಗೆ ಇನ್ನಷ್ಟು ಸಿಟ್ಟು ಬಂತು. "ಅಂದುಬಿಡಪ್ಪಾ ತಮ್ಮಾ, ಹೊಟ್ಟ್ಯಾಗ ಇಟ್ಕೋಬ್ಯಾಡ," ಎಂದಳು.

"ನಮ್ಮ ಅಬ್ಬಾ ಒಂದು ಸಲ ಹಸಿ ತೊಗರಿ ಒಟ್ಟಿ ಪೂರಾ ಗೋದಾಮು ಬೂಸ್ಟು ಮಾಡ್ಯಾರ್ರಿ ಅಕ್ಕಾರ. ಇನ್ನ ತನಕ ಅಮ್ಮಿ ಅವರಿಗಿ ಅದನ್ನೇ ಅಂತಾರ. ನಾ ಏನು ಅನ್ಲಿ?" ಎಂದ ಗುಫ್ರಾನ್.

ಹರವಿದ ಮಣ್ಣನ್ನು ಬಿಸಿಲು ನೋಡಿತು, ಗಾಳಿ ನೋಡಿತು. ವಾಸನೆ ಹೋಯಿತು. ಆದರೆ ವಾಸನೆ ಹೋದ ಮಾತ್ರಕ್ಕೆ ಜೀವ ಬಂದಂತಲ್ಲ. ಬಂಡೆಮ್ಮ ಕುರಿಗಾರ ಮಲ್ಲುವಿನ ಬೆನ್ನು ಹತ್ತಿದಳು. ಮಲ್ಲುವಿನ ಮಂದೆ ಹೊಲದಲ್ಲಿ ರಾತ್ರಿ ತಂಗಿದರೆ ಹಿಕ್ಕೆ, ಗಂಜಲ ನೆಲಕ್ಕೆ ಬೀಳುತ್ತದೆ. ಅದಕ್ಕೇ ರೈತರು ಅವನನ್ನು ಕರೆದು ಊಟ ಹಾಕಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಮಡ್ಡಿ ನೋಡಿ ಮಲ್ಲು ಮೂಗು ಮುರಿದ.

"ಯವ್ವಾ, ನನ್ನ ಕುರಿಗಿ ಇಲ್ಲಿ ಒಂದು ಎಸಳು ಹುಲ್ಲಿಲ್ಲ. ಏನು ವಿಮಾನ ನೋಡಕೋತ ಕೂಡ್ತಾವೇನು?"

"ನಿನ್ನ ಕುರಿ ತಿನ್ನೋದು ಬ್ಯಾರೆ ಕಡೆ ತಿನ್ಲಿ. ಹೇಲೂದು ಇಲ್ಲಿ ಹೇಲ್ಲಿ. ನಿನಗ ದಿನಾ ಬಿಸಿ ರೊಟ್ಟಿ, ಪುಂಡಿಪಲ್ಯ."

ರೊಟ್ಟಿಯ ಆಸೆಗೆ ಮಲ್ಲು ಬಂದ, ಬಾಳೆಹಣ್ಣಿನ ಆಸೆಗೆ ಉಳಿದ. ಕುರಿ ಎದ್ದ ಮೇಲೆ ಸೆಣಬು ಬಿತ್ತಿ, ಹೂ ಬಿಡುವ ಮುಂಚೆ ಅದನ್ನು ಮಣ್ಣಿಗೇ ಮಗುಚಿದರು. ಮತ್ತೆ ಕುರಿ, ಮತ್ತೆ ಸೆಣಬು. ಕಲ್ಯಾಣಪ್ಪನೂ ತನ್ನ ಪಾಲಿನ ಬದುವಿನ ಕೆಲಸಕ್ಕೆ ಬರುತ್ತಿದ್ದ, ಯಾರ ಜೊತೆಗೂ ಮಾತಾಡದೆ. ಬಂಡೆಮ್ಮ ಎಲ್ಲರಿಗೂ ಕೊಡದಿಂದ ನೀರು ಕೊಡುವಾಗ ಅವನು ಬಾಟಲಿಯಿಂದ ಗಟಗಟ ಕುಡಿದು ಮುಚ್ಚಳ ಬಿಗಿಯುತ್ತಿದ್ದ. ಬಿಸಿಲಿಗೆ ಆ ಬಾಟಲಿಯ ನೀರು ಚಹಾದಷ್ಟು ಕಾಯುತ್ತಿತ್ತು. ಕೊಡದ ನೀರು ತಣ್ಣಗೆ ಅಲ್ಲೇ ಇರುತ್ತಿತ್ತು. "ಭಾವಾರ ಪಣ ಮುರೀಲಿ ಅಂತ ಸೂರ್ಯನೂ ಬೇಡ್ಕೊಳ್ಳಾಕತ್ತಾನ," ಎಂದು ದೌಲಪ್ಪ ಹೆಂಡತಿಯ ಕಿವಿಯಲ್ಲಿ ಹೇಳುತ್ತಿದ್ದ.

ಇತ್ತ ನಿಲ್ದಾಣದ ಕೆಲಸ ನೋಡುನೋಡುತ್ತ ಏರಿತು. ಗುಫ್ರಾನ್ ಒಂದು ದಿನ ಬಂಡೆಮ್ಮನಿಗೂ ಹೆಲ್ಮೆಟ್ ಹಾಕಿಸಿ ಕರೆದೊಯ್ದ. ಅವಳ ತೋಟವಿದ್ದ ತಗ್ಗು ಎಲ್ಲಿ ಎಂದು ಅವಳಿಗೇ ಗೊತ್ತಾಗಲಿಲ್ಲ. ಮೊರಂ ಎಂಬ ಗರಸು ಮಣ್ಣು ಹಾಕುವುದು, ನೀರು ಹೊಡೆಯುವುದು, ರೋಲರ್ ಓಡಿಸುವುದು, ಅಳೆದು ನೋಡುವುದು, ಮತ್ತೆ ಮೊರಂ. ಪದರದ ಮೇಲೆ ಪದರ. ರೋಲರ್ ಹೋದ ನೆಲದ ಮೇಲೆ ಅವಳು ಹಿಮ್ಮಡಿ ಒತ್ತಿ ನೋಡಿದಳು. ಕಲ್ಲು.

"ಎಲ್ಲ ಗಾಳಿ ಹಿಂಡಿ ತೆಗೀತೀವ್ರಿ," ಎಂದ ಗುಫ್ರಾನ್. "ಒಂದು ಗುಳ್ಳಿ ಉಳೀತಂದ್ರೂ ಮುಂದ ಕುಸೀತದ. ಮ್ಯಾಲ ಜನ ಕೂತ ವಿಮಾನ."

"ಚಂದ ಮಾಡೀರಪ್ಪ," ಎಂದಳು ಬಂಡೆಮ್ಮ. ಸುಳ್ಳು ಹೊಗಳಿಕೆ ಅವಳಿಗೆ ಬಾರದು. ರೋಲರಿನ ಡ್ರೈವರ್ ಹಿಂದೆ ಮುಂದೆ, ಹಿಂದೆ ಮುಂದೆ, ಗೆರೆ ತಪ್ಪದೆ ಓಡಿಸುವುದನ್ನು ಬಹಳ ಹೊತ್ತು ನೋಡಿದಳು. "ನೀ ಇಲ್ಲಿ ಗಾಳಿ ತೆಗೀಲಾಕತ್ತಿ, ನಾ ಅಲ್ಲಿ ತುಂಬಲಾಕತ್ತೀನಿ. ನಿಂದು ಲಗೂ ಮುಗೀತದ ಬಿಡು, ನಿನಗ ಮಷೀನ್ ಅದ. ನನಗ ಕುರಿ." ತನ್ನ ತೋಟವನ್ನು ನುಂಗಿದ ಕೆಲಸವನ್ನು ಕಣ್ಣು ತುಂಬ ನೋಡಿ ಚೆನ್ನಾಗಿದೆ ಎನ್ನಲು ಎಷ್ಟು ಎದೆ ಬೇಕು ಎಂಬುದು ಅಂಥದ್ದನ್ನು ಕಳೆದುಕೊಂಡವರಿಗೇ ಗೊತ್ತು.

ಮಳೆಗೆ ಮುಂಚೆ ಕಂದು ನೆಟ್ಟರು. ಹಳೆಯ ತೋಟದಿಂದ ಕಿತ್ತು ತಂದ ಕಂದುಗಳನ್ನು ಬಂಡೆಮ್ಮ ಅಷ್ಟು ದಿನ ಮನೆಯ ಹಿತ್ತಲಲ್ಲಿ, ಹಳೆಯ ಡ್ರಮ್ಮುಗಳಲ್ಲಿ, ಒಡೆದ ಬಾನಿಯಲ್ಲಿ, ಕಾಲಿಡಲು ಜಾಗವಿಲ್ಲದ ಹಾಗೆ ಬದುಕಿಸಿಟ್ಟಿದ್ದಳು. ಮೊದಲ ಸಾಲಿನವು ಅರ್ಧ ಹೋದವು. ಆ ಮನೆಗಳವರಲ್ಲಿ ಕೆಲವರು ಬೇಸತ್ತು ತಮ್ಮ ಪಾಲಿನಲ್ಲಿ ತೊಗರಿ ಹಾಕಿದರು. ಬಂಡೆಮ್ಮ ಬೈಯಲಿಲ್ಲ. ಅವರ ಪಾಲಿನ ಕಂದುಗಳನ್ನೂ ಕೇಳಿ ತಂದು ತನ್ನಲ್ಲೇ ನೆಟ್ಟಳು. ಎರಡನೆಯ ಮಳೆಗಾಲದಲ್ಲಿ ಒಂದು ದಿನ ಕಳೆ ಕೀಳುತ್ತಿದ್ದವಳ ಸಲಿಕೆಗೆ ಎರೆಹುಳ ಬಂತು. ತುಂಡಾಗದೆ ಉಳಿದಿತ್ತು. ಅದನ್ನು ಯಾರಿಗೂ ತೋರಿಸದೆ ಮಣ್ಣು ಮುಚ್ಚಿ, ಮುಂದಿನ ಗಿಡಕ್ಕೆ ಹೋದಳು.

ಮೊದಲ ಪರೀಕ್ಷೆಯ ವಿಮಾನ ಇಳಿದ ದಿನ ಕಮಲಾಪುರಕ್ಕೆ ಕಮಲಾಪುರವೇ ಹುಮನಾಬಾದ್ ರಸ್ತೆಯಲ್ಲಿ ನಿಂತಿತ್ತು. ದೌಲಪ್ಪ ಬೇರೆಯವರ ತೋಟದಿಂದ ತಂದ ಹಣ್ಣು ಖಾಲಿಯಾಗಿ, ಗಾಡಿಯ ಮೇಲೆಯೇ ಜನ ಹತ್ತಿ ನಿಂತಿದ್ದರು. ಬಂಡೆಮ್ಮ ತೋಟದಲ್ಲಿದ್ದಳು. ಅವಳ ಮೊದಲ ಗೊನೆ ಮಾಗಲು ಇನ್ನೂ ಸಮಯವಿತ್ತು. ವಿಮಾನ ಪಡುವಣ ಗಾಳಿಗೆ ಮುಖ ಕೊಟ್ಟು ಇಳಿಯುವುದನ್ನು ನೋಡಿ, "ಹುಡುಗ ಸುಳ್ಳು ಹೇಳಿರಲಿಲ್ಲ," ಎಂದು ನೀರಿನ ಮಡೆ ತಿರುಗಿಸಿದಳು.

ಆ ಗೊನೆ ಕಡಿದ ದಿನ ಗುಫ್ರಾನ್ ಬಂದಿದ್ದ, ಮಲ್ಲು ಬಂದಿದ್ದ, ತೊಗರಿ ಹಾಕಿದವರೂ ಬಂದಿದ್ದರು. ಗೊನೆ ಸಣ್ಣದು. ಕಾಯಿಗಳ ನಡುವೆ ಸಂದಿ ಹೆಚ್ಚು. ಆದರೆ ಬಣ್ಣ ಅದೇ, ಹಳೆಯ ಗೋಡೆಯ ಕಾವಿಯ ಕೆಂಪು. ಕೆಲವು ದಿನ ಮಾಗಲು ಬಿಟ್ಟು ಎಲ್ಲರಿಗೂ ಮಡ್ಡಿಯಲ್ಲೇ ಹಂಚಿದಳು. ಗುಫ್ರಾನ್ ಕಣ್ಣು ಮುಚ್ಚಿ ತಿಂದು, "ಮಾಶಾಲ್ಲಾ, ಅದೇ ರುಚಿ!" ಎಂದ.

"ಹುಚ್ಚುಚ್ಚಾರ ಮಾತಾಡಬ್ಯಾಡ. ಅದೇ ಅಲ್ಲ," ಎಂದಳು ಬಂಡೆಮ್ಮ ನಿಧಾನಕ್ಕೆ ಅಗಿಯುತ್ತ. "ಸಿಹಿ ಬಂದದ. ಹಿಂದಿನ ಪರಿಮಳ ಇನ್ನೂ ಬಂದಿಲ್ಲ. ಅರ್ಧ ಬಂದದ ಅನ್ರಿ."

ಕಲ್ಯಾಣಪ್ಪ ಬದುವಿನ ಮೇಲೆ ಬೇರೆಯಾಗಿ ಕೂತಿದ್ದ. ಅವನ ಮುಂದೆ ಯಾರೋ ಎರಡು ಹಣ್ಣು ಇಟ್ಟಿದ್ದರು. ಬಹಳ ಹೊತ್ತು ಅವನ್ನು ನೋಡಿ, ಒಂದನ್ನು ಸುಲಿದ. ಮೊದಲ ತುತ್ತಿಗೆ ಅವನ ದವಡೆ ನಿಂತಿತು. ಆಮೇಲೆ ಪೂರ್ತಿ ತಿಂದ. ಎರಡನೆಯದನ್ನೂ ತಿಂದ. ಸಿಪ್ಪೆಗಳನ್ನು ಮಡಚಿ ಬಾಳೆಯ ಬುಡಕ್ಕೆ ಇಟ್ಟ. ಅವನ ಪಕ್ಕದಲ್ಲೇ ಬಾಟಲಿ ಇತ್ತು, ಅರ್ಧ ತುಂಬಿ. ಅವನು ಅದರ ಕಡೆ ನೋಡಲಿಲ್ಲ.

"ತಂಗಿ," ಎಂದ, ಬಂಡೆಮ್ಮನ ಕಡೆಯೂ ನೋಡದೆ. "ನೀರು ಕೊಡು."

ಬಾಳೆಯ ಬುಡಕ್ಕೆ ಮಣ್ಣು ಏರಿಸುತ್ತಿದ್ದ ಬಂಡೆಮ್ಮ ಚರಿಗೆ ಎತ್ತಿಕೊಂಡು ಕೊಡದ ಹತ್ತಿರ ಹೋದವಳು ತನ್ನ ಕೈ ನೋಡಿಕೊಂಡಳು.

"ಕೈ ಪೂರಾ ಮಣ್ಣಾಗ್ಯಾವ್ರಿ ಭಾವಾರ. ತೊಳಕೊಂಡು ಬರ್ತೀನಿ."

"ಇರ್ಲಿ ಬಿಡು," ಎಂದ ಕಲ್ಯಾಣಪ್ಪ. "ಅದೇ ಕೈಲೇ ಕೊಡು."

ಚರಿಗೆಯ ಹೊರಮೈಯಲ್ಲಿ ಅವಳ ಐದೂ ಬೆರಳು ಕೆಂಪಗೆ ಮೂಡಿದ್ದವು. ಅವನು ತಲೆ ಎತ್ತಿ ಕೊನೆಯ ಹನಿಯವರೆಗೂ ಕುಡಿದು, ಮೀಸೆ ಒರೆಸಿಕೊಂಡು, ಚರಿಗೆ ವಾಪಸು ಕೊಡುತ್ತ ಹೇಳಿದ:

"ಪರಿಮಳ ಬಂದಿಲ್ಲ ಅಂದಿದ್ದು ಬರೋಬರ್ ಅದ. ಮಲ್ಲೂಗ ಹೇಳು, ಇನ್ನೊಂದು ಹಂಗಾಮ ಕುರಿ ನಿಲ್ಲಿಸ್ಲಿ. ನನ್ನ ಪಾಲಿಗೂ."